ಜಿಗ್ ಚಿಕ್ಕದಾದರೆ ಸಾಲದು: ಬಾಸ್ ಮೀನಿಗೆ ಫಿನೆಸ್ ಜಿಗ್ ಹಾಕುವವರಿಗೆ

ಪ್ರಶ್ನೆ: ಅರ್ಧ ಔನ್ಸಿನ ಜಿಗ್ (ಲೋಹದ ತಲೆ, ಎಳೆಗಳ ಕುಚ್ಚು ಅಂದರೆ ಸ್ಕರ್ಟ್ ಇರುವ ಗಾಳ) ಹಾಕಿ ಲಾರ್ಜ್‌ಮೌತ್, ಸ್ಮಾಲ್‌ಮೌತ್ ಎರಡೂ ಬಗೆಯ ಬಾಸ್ ಹಿಡಿದಿದ್ದೇನೆ. ಆದರೆ ನೀರು ತಿಳಿಯಾಗಿದ್ದು ಬಿಸಿಲು ಜೋರಾದ ದಿನ, ಅದರಲ್ಲೂ ಶೀತಗಾಳಿ ಬೀಸಿಹೋದ ಮರುದಿನ, ಒಂದು ಮೀನೂ ಮುಟ್ಟುವುದಿಲ್ಲ. ಅಂಥ ದಿನಕ್ಕೆ ಸಣ್ಣ ಫಿನೆಸ್ ಜಿಗ್ಗೇ ಸರಿ ಎಂದು ಗೆಳೆಯರು ಹೇಳಿದರು. ಅದೇ ರಾಡಿಗೆ ಕಟ್ಟಿ ನೋಡಿದೆ. ಎಸೆದರೆ ದೂರ ಹೋಗುವುದಿಲ್ಲ, ತಳ ಮುಟ್ಟಿದ್ದು ಕೈಗೆ ತಿಳಿಯುವುದಿಲ್ಲ, ಮಾತೆತ್ತಿದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕಚ್ಚಿದ ಒಂದೆರಡು ಮೀನೂ ಕಳಚಿಕೊಂಡು ಹೋದವು. ಯಾವ ತೂಕ, ಗಾಳಕ್ಕೆ ಹಿಂದಿನಿಂದ ಚುಚ್ಚುವ ಯಾವ ಮೆತ್ತನೆಯ ಟ್ರೈಲರ್, ಯಾವ ಬಣ್ಣ ಸರಿ? ಬೇಗ ಬದಲಾಯಿಸಲು ಅನುಕೂಲ ಎಂದು ಲೈನಿನ ತುದಿಗೆ ಸ್ನ್ಯಾಪ್ (ತೆಗೆದು ಹಾಕುವ ತಂತಿಯ ಕೊಂಡಿ) ಹಾಕಬಹುದೇ?

ಉತ್ತರ: ‘ಅದೇ ರಾಡಿಗೆ ಕಟ್ಟಿ’ ಎಂದು ಬರೆದಿದ್ದೀರಲ್ಲ, ತೊಂದರೆಯ ಮೂಲ ಅಲ್ಲೇ ಇದೆ. ದೂರ ಹೋಗದಿರುವುದು, ತಳ ತಿಳಿಯದಿರುವುದು, ಸಿಕ್ಕಿಕೊಳ್ಳುವುದು, ಮೀನು ಕಳಚಿಕೊಳ್ಳುವುದು, ಇವು ನಾಲ್ಕೂ ಒಂದೇ ಬೇರಿನಿಂದ ಹುಟ್ಟಿದವು. ಜಿಗ್ ಒಂದು ಚಿಕ್ಕದಾಯಿತು, ಉಳಿದದ್ದೆಲ್ಲ ಅರ್ಧ ಔನ್ಸಿನ ಲೆಕ್ಕದಲ್ಲೇ ಉಳಿಯಿತು. ಅರ್ಧ ಔನ್ಸ್ ಅಂದರೆ ಸುಮಾರು 14 ಗ್ರಾಂ. ಅಷ್ಟು ತೂಕದ ಜಿಗ್ ದಪ್ಪ ಲೈನನ್ನೂ ತನ್ನ ಹಿಂದೆ ಎಳೆದುಕೊಂಡು ತಳಕ್ಕೆ ಹೋಗುತ್ತದೆ. ಐದು ಗ್ರಾಮಿನ ಜಿಗ್ಗಿನ ವಿಷಯದಲ್ಲಿ ಉಲ್ಟಾ: ಲೈನೇ ಜಿಗ್ಗನ್ನು ಎಳೆದಾಡುತ್ತದೆ. ತೂಕ ಇಳಿಸಿದ ಕೂಡಲೇ ಲೈನಿನ ದಪ್ಪ, ರಾಡಿನ ಬಿಗಿ, ಗಾಳದ ತಂತಿ, ಗಾಳದ ಮೊನೆ ಸಿಕ್ಕಿಕೊಳ್ಳದಂತೆ ಕಾಯುವ ವೀಡ್‌ಗಾರ್ಡಿನ ಗಟ್ಟಿತನ, ನೀವು ಎಳೆಯುವ ವೇಗ ಎಲ್ಲವೂ ಅದರ ಜೊತೆಗೇ ಇಳಿಯಬೇಕು.

ಮೊದಲು, ಸಣ್ಣದು ಯಾಕೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಬಾಸ್ ಹಲ್ಲೂರಿ ಕಚ್ಚುವ ಮೀನಲ್ಲ. ಬಾಯನ್ನು ಫಕ್ಕನೆ ಅಗಲಿಸಿ, ಎದುರಿಗಿದ್ದದ್ದನ್ನು ನೀರಿನ ಸಮೇತ ಒಳಕ್ಕೆ ಹೀರಿಕೊಳ್ಳುತ್ತದೆ. ಬೇಡವೆನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಚುರುಕಾಗಿದ್ದಾಗ ಅದರ ಹೀರುವಿಕೆಗೆ 14 ಗ್ರಾಂ ದೊಡ್ಡದೇನಲ್ಲ. ಆದರೆ ನೀವು ಹೇಳಿದಂಥ ದಿನಗಳಲ್ಲಿ, ಆಕಾಶ ತೊಳೆದಿಟ್ಟಂತೆ ನೀಲಿಯಾಗಿ ಗಾಳಿ ಸತ್ತುಹೋದಾಗ, ಮೀನು ಕಲ್ಲಿನ ಅಂಚಿಗೋ ಮುಳುಗಿದ ಮರದ ನೆರಳಿಗೋ ಅಂಟಿಕೊಂಡು ಮಂಕಾಗಿ ಕೂತಿರುತ್ತದೆ. ಬೆನ್ನಟ್ಟುವ ಉಮೇದು ಅದಕ್ಕಿರುವುದಿಲ್ಲ. ಮೂಗಿನ ಮುಂದೆ ಏನಾದರೂ ನಿಧಾನವಾಗಿ ಇಳಿದರೆ ಅರೆಮನಸ್ಸಿನಿಂದ ಒಂದು ಗುಟುಕು ಎಳೆಯುತ್ತದೆ, ಅಷ್ಟೇ. ಹಗುರವಾದದ್ದು ಆ ಸಣ್ಣ ಸೆಳೆತಕ್ಕೂ ನೀರಿನ ಜೊತೆ ತೇಲಿ ಬಾಯೊಳಗೆ ಹೋಗುತ್ತದೆ. ಭಾರವಾದದ್ದು ತುಟಿಯ ಹೊರಗೇ ಉಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮೀನು ಕಚ್ಚಿದ್ದು ನಿಮಗೆ ಯಾಕೆ ತಿಳಿಯುವುದಿಲ್ಲ ಎಂಬುದಕ್ಕೂ ಇದೇ ಕಾರಣ.

ಎರಡನೆಯದು ಆಹಾರದ ಗಾತ್ರ. ಜಿಗ್ ಬಹುಮಟ್ಟಿಗೆ ಕ್ರೇಫಿಶ್‌ನ ಅನುಕರಣೆ: ಸೀಗಡಿಯಂಥ ಮೈ, ಏಡಿಯಂತೆ ಇಕ್ಕುಳದ ಮುಂಗಾಲು ಇರುವ ಸಿಹಿನೀರಿನ ಪ್ರಾಣಿ. ದೊಡ್ಡ ಕ್ರೇಫಿಶ್ ಮುಂಗಾಲೆತ್ತಿ ಎದುರು ನಿಲ್ಲುತ್ತದೆ, ಚಿಪ್ಪೂ ಗಟ್ಟಿ. ಎರಡೂವರೆ ಅಂಗುಲದ ಮರಿಯಾದರೆ ಮೀನಿಗೆ ಜಗಳವಿಲ್ಲದ ತುತ್ತು. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. 1990ರಲ್ಲಿ ಅಲ್ಲಿ ಮೊದಲು ಕಾಣಿಸಿಕೊಂಡ ರೌಂಡ್ ಗೋಬಿ ಎಂಬ ಪರದೇಶಿ ಮೀನು ಈಗ ಸ್ಮಾಲ್‌ಮೌತ್‌ನ ಮುಖ್ಯ ಆಹಾರಗಳಲ್ಲೊಂದು. ಗೋಬಿಗೆ ಗಾಳಿಚೀಲವಿಲ್ಲ. ಹಾಗಾಗಿ ಅದು ನೀರಿನ ನಡುವೆ ತೇಲಿ ನಿಲ್ಲಲಾರದು. ತಳದಲ್ಲೇ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಕಂದು ಬಣ್ಣದ ಸಣ್ಣ ಜಿಗ್ಗನ್ನು ತಳದಲ್ಲಿ ಎಳೆದರೆ ಅಲ್ಲಿನ ಸ್ಮಾಲ್‌ಮೌತ್‌ಗೆ ಅದು ಕ್ರೇಫಿಶ್ಶೋ ಗೋಬಿಯೋ ಎಂಬ ಭೇದವೇ ಇರಲಿಕ್ಕಿಲ್ಲ.

ಈಗ ತೂಕ. ಫಿನೆಸ್ ಜಿಗ್ಗಿನ ಲೋಕ ಒಂದೆಂಟಾಂಶ ಔನ್ಸಿನಿಂದ ಮೂರೆಂಟಾಂಶದವರೆಗೆ, ಅಂದರೆ ಸುಮಾರು 3.5ರಿಂದ 10.5 ಗ್ರಾಂ. ಒಂದೇ ತೂಕ ಕೊಳ್ಳುವುದಾದರೆ ಕಾಲು ಔನ್ಸ್, ಏಳು ಗ್ರಾಂ. ಮೂರು ಮೀಟರ್ ಆಳದೊಳಗೆ, ಗಾಳಿಯಿಲ್ಲದಾಗ, ಹದಿನಾರರಲ್ಲಿ ಮೂರಂಶದ್ದು (5.3 ಗ್ರಾಂ) ನನಗೆ ಹೆಚ್ಚು ಇಷ್ಟ. ಆರು ಮೀಟರ್ ದಾಟಿದರೆ ಅಥವಾ ಅಲೆ ಎದ್ದರೆ ಒಂಬತ್ತು ಹತ್ತು ಗ್ರಾಮಿಗೆ ಏರಲು ಹಿಂಜರಿಯಬೇಡಿ. ‘ಹಗುರವಾದಷ್ಟೂ ಒಳ್ಳೆಯದು’ ಎಂಬ ಮಾತಿಗೆ ಒಂದು ಷರತ್ತಿದೆ: ತಳ ನಿಮ್ಮ ಕೈಗೆ ತಿಳಿಯುವಷ್ಟು ತೂಕ ಇರಲೇಬೇಕು. ಜಿಗ್ ಎಲ್ಲಿದೆ ಎಂದೇ ಗೊತ್ತಿಲ್ಲದೆ ಎಳೆಯುತ್ತಿದ್ದರೆ ಅದು ಎಷ್ಟು ಹಗುರವಿದ್ದು ಏನು ಪ್ರಯೋಜನ?

ತೂಕಕ್ಕಿಂತಲೂ ನಾನು ಒತ್ತಿ ಹೇಳುವುದು ಬೀಳುವಿಕೆಯ ಬಗ್ಗೆ. ಸಣ್ಣ ಜಿಗ್ಗಿನ ಅರ್ಧ ಕೆಲಸ ಅದು ಎಸೆದ ಜಾಗದಿಂದ ತಳಕ್ಕೆ ಇಳಿಯುವಾಗಲೇ ಮುಗಿಯುತ್ತದೆ. ದೊಡ್ಡ ಜಿಗ್ ಹಾಕಿ ರೂಢಿಯಾದವರು ನೀರಿಗೆ ಬಿದ್ದ ಕೂಡಲೇ ರೀಲ್ ಮುಚ್ಚಿ ಲೈನ್ ಬಿಗಿ ಮಾಡುತ್ತಾರೆ. ಭಾರದ ಜಿಗ್ಗಿಗೆ ಇದು ನಡೆಯುತ್ತದೆ. ಹಗುರದ್ದಾದರೆ ಬಿಗಿ ಲೈನಿನಲ್ಲಿ ನೇರ ಕೆಳಗಿಳಿಯುವ ಬದಲು ನಿಮ್ಮ ಕಡೆಗೇ ತೂಗಿಕೊಂಡು ಬರುತ್ತದೆ. ಕಂಬದ ಬುಡಕ್ಕೆ ಎಸೆದದ್ದು ತಳ ಮುಟ್ಟುವಾಗ ಕಂಬದಿಂದ ಎಷ್ಟೋ ದೂರ ಬಂದಿರುತ್ತದೆ. ಮೀನು ಕಂಬದ ಹತ್ತಿರವೇ ಉಳಿಯಿತು. ಪೂರ್ತಿ ಸಡಿಲ ಬಿಟ್ಟರೆ ನೇರ ಇಳಿಯುತ್ತದೆ ನಿಜ, ಆದರೆ ಇಳಿಯುವಾಗ ಕಚ್ಚಿದ್ದು ತಿಳಿಯದು. ಹಾಗಾಗಿ ಲೈನ್ ನೀರಿನ ಮೇಲೆ ತುಸು ಬಾಗಿ ನಿಲ್ಲುವಷ್ಟು ಸಡಿಲ ಕೊಡಿ, ಜಿಗ್ ಇಳಿದಂತೆ ರಾಡಿನ ತುದಿಯನ್ನು ಅದರ ಹಿಂದೆಯೇ ಇಳಿಸುತ್ತ ಹೋಗಿ. ಆ ಬಾಗು ನೆಟ್ಟಗಾಗುತ್ತ, ಮತ್ತೆ ಬಾಗುತ್ತ ಹೋಗುವುದನ್ನು ನೋಡುವುದೇ ಆಗ ನಿಮ್ಮ ಕೆಲಸ.

ದಡದಲ್ಲಿ ಒಮ್ಮೆ ಕಾಲ ಬುಡದ ತಿಳಿನೀರಿಗೆ ಜಿಗ್ ಬಿಟ್ಟು ನೋಡಿ. ಬಿಗಿ ಲೈನಿನಲ್ಲಿ ಹೇಗೆ, ಸಡಿಲದಲ್ಲಿ ಹೇಗೆ, ಟ್ರೈಲರ್ ಇಲ್ಲದೆ ಹೇಗೆ, ಇದ್ದಾಗ ಎಷ್ಟು ನಿಧಾನ ಎಂಬುದೆಲ್ಲ ಅಲ್ಲೇ ಕಣ್ಣಿಗೆ ಕಾಣುತ್ತದೆ. ಅಗಲವಾದ ಟ್ರೈಲರ್ ಹಾಕಿದ ಏಳು ಗ್ರಾಮಿನ ಜಿಗ್, ಬೋಳು ಐದು ಗ್ರಾಮಿನದಕ್ಕಿಂತ ನಿಧಾನವಾಗಿ ಇಳಿಯುವುದೂ ಉಂಟು. ಡಬ್ಬಿಯ ಮೇಲೆ ಬರೆದ ತೂಕವನ್ನಷ್ಟೇ ನಂಬಿದರೆ ಇದು ಗೊತ್ತಾಗುವುದಿಲ್ಲ.

ರಾಡ್ ಮತ್ತು ಲೈನ್: ಏಳು ಅಡಿಯ ಆಸುಪಾಸಿನ ಸ್ಪಿನ್ನಿಂಗ್ ರಾಡ್, ಮೀಡಿಯಂ ಅಥವಾ ಮೀಡಿಯಂ-ಹೆವಿ ಬಲ, ತುದಿ ಮಾತ್ರ ಬಳುಕುವ ಫಾಸ್ಟ್ ಬಗೆ. ರೀಲಿಗೆ 10ರಿಂದ 15 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ಲೈನ್), ಅದರ ಮುಂದೆ ಜಿಗ್ ಕಟ್ಟುವ ತುದಿಗೆ 8 ಅಥವಾ 10 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಒಂದೇ ಎಳೆಯ ಲೈನಿನ ತುಂಡು). ಬ್ರೇಡ್ ಹಿಗ್ಗುವುದಿಲ್ಲ, ಹಾಗಾಗಿ ಸಣ್ಣ ತಾಕೂ ಕೈವರೆಗೆ ಬರುತ್ತದೆ. ತೆಳ್ಳಗಿರುವುದರಿಂದ ಹಗುರದ ಜಿಗ್ ದೂರ ಹೋಗುತ್ತದೆ. ಆದರೆ ಅದು ತೇಲುತ್ತದೆ, ತಿಳಿನೀರಿನಲ್ಲಿ ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ಬೇಗ ಸವೆಯುತ್ತದೆ. ಮುಳುಗುವ, ಕಣ್ಣಿಗೆ ಬೀಳದ ಫ್ಲೋರೋಕಾರ್ಬನ್ ಆ ಕೊರತೆ ತುಂಬುತ್ತದೆ. ಕಲ್ಲಿನ ಜಾಗದಲ್ಲಿ ಆಗಾಗ ಜಿಗ್ಗಿನ ಮೇಲಿನ ಒಂದೆರಡು ಅಡಿ ಲೀಡರನ್ನು ಉಗುರಿನ ನಡುವೆ ಎಳೆದು ನೋಡಿ, ತರಚಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ಕ್ಯಾಸ್ಟಿಂಗ್ ರೀಲೇ ಬೇಕೆನ್ನುವವರು ಏಳು ಗ್ರಾಮಿನಿಂದ ಮೇಲಕ್ಕೆ ಅದನ್ನು ಬಳಸಬಹುದು, 10ರಿಂದ 12 ಪೌಂಡಿನ ಫ್ಲೋರೋಕಾರ್ಬನ್ ಹಾಕಿ. ಅದಕ್ಕಿಂತ ಹಗುರವಾದರೆ ಕ್ಯಾಸ್ಟಿಂಗ್ ರೀಲಿನಲ್ಲಿ ಲೈನ್ ಗೂಡು ಕಟ್ಟುವುದನ್ನು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಇನ್ನು ಹೆಚ್ಚಿನವರು ಗಮನವೇ ಕೊಡದ ಸಂಗತಿ. ಅಂಗಡಿಯಿಂದ ತಂದ ಜಿಗ್ಗನ್ನು ಹಾಗೆಯೇ ಕಟ್ಟಬೇಡಿ. ಅಂಗೈ ಮೇಲಿಟ್ಟು ನೋಡಿ. ಗಾಳದ ಮೊನೆಯ ಮುಂದೆ ನಾರಿನ ಕಡ್ಡಿಗಳ ಕುಚ್ಚು ನಿಂತಿದೆಯಲ್ಲ, ಅದೇ ವೀಡ್‌ಗಾರ್ಡ್. ಬೆರಳ ತುದಿಯಿಂದ ಅದನ್ನು ಮೊನೆಯ ಕಡೆಗೆ ಒತ್ತಿ. ಒತ್ತಲು ಬಲ ಬೇಕೆನಿಸಿದರೆ, ಅರೆಮನಸ್ಸಿನ ಮೀನಿಗೂ ತೆಳ್ಳನೆಯ ಲೈನಿಗೂ ಅದು ಗೋಡೆಯಿದ್ದಂತೆ. ಸಣ್ಣ ಕತ್ತರಿಯಿಂದ ಬುಡದಲ್ಲಿ ಒಂದೊಂದೇ ಕಡ್ಡಿ ತೆಗೆಯುತ್ತ ಬನ್ನಿ, ಸುಮಾರು ಅರ್ಧ ಉಳಿಯಲಿ. ಉಳಿದವನ್ನು ಎರಡು ಪಾಲು ಮಾಡಿ ಮೊನೆಯ ಎಡಕ್ಕೊಂದು ಬಲಕ್ಕೊಂದು ವಾಲಿಸಿ. ಆಮೇಲೆ ಉದ್ದ ನೋಡಿ: ಮೊನೆಗಿಂತ ಎರಡು ಮೂರು ಮಿಲಿಮೀಟರ್ ಮೇಲಕ್ಕಿದ್ದರೆ ಸಾಕು, ಹೆಚ್ಚಿದ್ದರೆ ಕತ್ತರಿಸಿ. ಈಗ ಒತ್ತಿದರೆ ಕಡ್ಡಿಗಳು ತಾವಾಗಿ ಮಲಗಿ ಮೊನೆ ಬೆರಳಿಗೆ ಚುಚ್ಚಬೇಕು.

ಗಾಳವೂ ತೆಳ್ಳನೆಯ ತಂತಿಯದಿರಲಿ, ಒಂದನೇ ನಂಬರಿನಿಂದ 2/0ವರೆಗಿನ ಗಾತ್ರ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರಿ ಕೂತರೆ ಚೂಪಾಗಿದೆ, ಜಾರಿದರೆ ಮಸೆಯಬೇಕು ಅಥವಾ ಎಸೆಯಬೇಕು.

ಸ್ಕರ್ಟಿನ ಎಳೆಗಳು ಗಾಳದ ಬಾಗು ದಾಟಿ ಉದ್ದಕ್ಕೆ ಜೋತುಬಿದ್ದಿದ್ದರೆ ಬಾಗಿನ ಸ್ವಲ್ಪ ಆಚೆಗೆ ಕತ್ತರಿಸಿ. ತಲೆಯ ಕಡೆ ಮಡಚಿಕೊಂಡಿರುವ ಎಳೆಗಳನ್ನು ಕುತ್ತಿಗೆಯ ಹತ್ತಿರ ಗಿಡ್ಡವಾಗಿ ಕತ್ತರಿಸಿದರೆ ಅವು ಮುಳ್ಳಿನಂತೆ ಸುತ್ತಲೂ ನಿಗುರಿ ನಿಲ್ಲುತ್ತವೆ. ಇದಕ್ಕೆ ಸ್ಪೈಡರ್ ಕಟ್ ಎನ್ನುತ್ತಾರೆ. ಮಿಸೌರಿ ಮತ್ತು ಆರ್ಕನ್ಸಾ ಗಡಿಯ ಓಝಾರ್ಕ್ ಬೆಟ್ಟಗಳ ತಿಳಿನೀರಿನ ಜಲಾಶಯಗಳಲ್ಲಿ, ಟೇಬಲ್ ರಾಕ್, ಬುಲ್ ಶೋಲ್ಸ್‌ನಂಥ ಕಡೆ, ಈ ಬಗೆಯ ಜಿಗ್ ಬಹಳ ಬಳಕೆಯಲ್ಲಿದೆ. ಮಿಸೌರಿಯ ಜಿಮ್ ಈಕಿನ್ಸ್ ಹೆಸರಿನ ಜಿಗ್ ಈ ಜಾತಿಯದೇ. ಇದರ ಗುಣ ನಿಂತಾಗ ತಿಳಿಯುತ್ತದೆ. ಜಿಗ್ ತಳದಲ್ಲಿ ಅಲ್ಲಾಡದೆ ಕೂತಿದ್ದರೂ ಗಿಡ್ಡ ಎಳೆಗಳು ಸಣ್ಣ ಸೆಳವಿಗೂ ಮಿಡುಕುತ್ತಿರುತ್ತವೆ. ನೀವು ಏನೂ ಮಾಡದಿರುವಾಗಲೂ ಜಿಗ್ ಜೀವಂತವಾಗಿ ಕಾಣುತ್ತದೆ.

ಟ್ರೈಲರ್ ವಿಷಯದಲ್ಲಿ ನನ್ನ ನಿಯಮ ಸರಳ: ತಲೆಯಿಂದ ಬಾಲದ ತುದಿವರೆಗೆ ಒಟ್ಟು ಎರಡೂವರೆಯಿಂದ ಮೂರು ಅಂಗುಲ. ಮೂರು ಅಂಗುಲದ ಟ್ರೈಲರನ್ನು ಇಡಿಯಾಗಿ ಚುಚ್ಚಿದರೆ ಅದು ಫಿನೆಸ್ ಜಿಗ್ ಆಗಿ ಉಳಿಯುವುದಿಲ್ಲ. ಮೈ ಭಾಗವನ್ನು ಮುಂದಿನಿಂದ ಕತ್ತರಿಸಿ ಮುಂಗಾಲುಗಳಷ್ಟೇ ಸ್ಕರ್ಟಿನಿಂದ ಇಣುಕುವಂತೆ ಮಾಡಿ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಬಡಿದಾಡುವ ಮುಂಗಾಲು ಬೇಡ, ಸಪ್ಪೆ ಎನಿಸುವ ಚಂಕ್ ಬಗೆಯೇ ಒಳ್ಳೆಯದು. ಬಾಸ್ ಶೀತರಕ್ತದ ಪ್ರಾಣಿ, ನೀರು ತಣ್ಣಗಾದರೆ ಅದರ ಮೈಯೂ ಜೀರ್ಣಶಕ್ತಿಯೂ ನಿಧಾನ. ಸುತ್ತಲಿನ ಕ್ರೇಫಿಶ್‌ಗಳೂ ಆಗ ಹಾಗೆಯೇ. ನೀರು 15 ದಾಟಿದ ಮೇಲೆ ಅವಳಿ ಬಾಲದ ಗ್ರಬ್, ಅಲುಗಾಡುವ ಸಣ್ಣ ಕ್ರಾ (ಕ್ರೇಫಿಶ್ ಆಕಾರದ ಟ್ರೈಲರ್) ಹಾಕಿ. ತಳದಲ್ಲಿ ಕೂತಾಗ ಮುಂಗಾಲು ಮೇಲೆದ್ದು ನಿಲ್ಲಬೇಕೆಂದರೆ ಝಡ್-ಮ್ಯಾನ್ ಕಂಪನಿಯ ಇಲಾಜ್‌ಟೆಕ್‌ನಂಥ ತೇಲುವ ವಸ್ತುವಿನದು ಸಿಗುತ್ತದೆ. ಒಂದು ಎಚ್ಚರಿಕೆ: ಅದನ್ನು ಮಾಮೂಲಿ ಪ್ಲಾಸ್ಟಿಕ್ ಟ್ರೈಲರ್‌ಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಅಂಟಾಗುತ್ತವೆ.

ಕಲ್ಲಿಗೆ ಸಿಕ್ಕಿಕೊಳ್ಳುವ ಬಗ್ಗೆ. ಅದಕ್ಕೆ ಜಿಗ್ಗಿನ ತಲೆಯ ಆಕಾರ ಒಂದು ಕಾರಣ, ನಿಮ್ಮ ಕೈ ಇನ್ನೊಂದು. ಅಡ್ಡಗಲದ ಫುಟ್‌ಬಾಲ್ ತಲೆ ನುಣ್ಣನೆಯ ಜಲ್ಲಿಯ ಮೇಲೆ ಚೆನ್ನಾಗಿ ಉರುಳುತ್ತದೆ, ಎಳೆದಾಗ ಬಾಲವೆತ್ತಿ ನಿಲ್ಲುತ್ತದೆ. ಆದರೆ ಮುಷ್ಟಿಗಿಂತ ದೊಡ್ಡ ಕಲ್ಲುಗಳ ಸಂದಿಗೆ ಹೋದರೆ ಬೆಣೆಯಂತೆ ಕೂರುತ್ತದೆ. ಅಲ್ಲಿಗೆ ಸಣ್ಣ ಗುಂಡು ತಲೆಯೇ ವಾಸಿ. ಮರದ ಕೊಂಬೆ, ಗಿಡಗಳ ನಡುವೆಯಾದರೆ ಚಪ್ಪಟೆಯಾಗಿ ಮುಂದಕ್ಕೆ ಚೂಪಾದ, ಲೈನ್ ಕಟ್ಟುವ ಕಣ್ಣು ಮೂಗಿನ ತುದಿಯಲ್ಲಿರುವ ತಲೆ. ಇನ್ನು ಕೈ: ಅರ್ಧ ಔನ್ಸಿನದು ಅಡ್ಡ ಬಂದ ಕಲ್ಲಿಗೆ ಬಡಿದು ತನ್ನ ತೂಕದಿಂದಲೇ ಹೊರಳಿಕೊಳ್ಳುತ್ತದೆ. ಹಗುರದ್ದಕ್ಕೆ ಆ ಶಕ್ತಿಯಿಲ್ಲ. ತಡೆ ಸಿಕ್ಕಿತೆಂದು ನೀವು ಎಳೆದಷ್ಟೂ ಸಂದಿಯೊಳಕ್ಕೆ ಹೂತುಹೋಗುತ್ತದೆ. ತಡೆ ತಿಳಿದ ಕೂಡಲೇ ಎಳೆಯುವುದನ್ನು ನಿಲ್ಲಿಸಿ, ಲೈನ್ ಸಡಿಲಿಸಿ, ರಾಡಿನ ತುದಿಯನ್ನು ನಡುಗಿಸಿ. ಬಹಳ ಸಲ ಅದು ತಾನಾಗಿ ಹಿಂದಕ್ಕೆ ಜಾರಿ ಬಿಡಿಸಿಕೊಳ್ಳುತ್ತದೆ. ಬಿಡದಿದ್ದರೆ ರಾಡಿನ ಬುಡದ ಹತ್ತಿರ ಲೈನನ್ನು ಬೆರಳಿಂದ ಹಿಡಿದು ಬಿಲ್ಲಿನ ಹೆದೆಯಂತೆ ಸೆಳೆದು ಫಟ್ಟನೆ ಬಿಡಿ. ಅದಕ್ಕೂ ಬರದಿದ್ದರೆ ಎದುರು ದಿಕ್ಕಿಗೆ ಹೋಗಿ ಎಳೆಯಿರಿ. ಸಿಕ್ಕಿಕೊಂಡ ಜಾಗ ಕೆಟ್ಟ ಜಾಗವಲ್ಲ, ಮೀನೂ ಅಲ್ಲೇ ಇರುತ್ತದೆ. ಅಡ್ಡಿಯಿಂದ ಬಿಡಿಸಿಕೊಂಡು ಜಿಗ್ ಪುಟಿದ ಆ ಗಳಿಗೆಯಲ್ಲೇ ಎಷ್ಟೋ ಸಲ ಬಾಸ್ ಹೀರಿಕೊಳ್ಳುತ್ತದೆ.

ತಳಕ್ಕಿಳಿದ ಮೇಲೆ ಏನು ಮಾಡಬೇಕು? ಮೊದಲು, ಏನೂ ಮಾಡಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಬಿಡಿ, ತಣ್ಣೀರಿನಲ್ಲಿ ಇನ್ನೂ ಹೆಚ್ಚು ಹೊತ್ತು. ಆಮೇಲೆ ರಾಡನ್ನು ಮೇಲಕ್ಕೆತ್ತದೆ ನೆಲಕ್ಕೆ ಸಮನಾಗಿ ಪಕ್ಕಕ್ಕೆ ಎಳೆಯಿರಿ, ಒಂದಡಿ ಸಾಕು. ನಿಲ್ಲಿಸಿ, ಸಡಿಲವಾದ ಲೈನನ್ನು ಸುತ್ತಿಕೊಳ್ಳಿ, ಮತ್ತೆ ಎಳೆಯಿರಿ. ಕ್ರೇಫಿಶ್ ನಡೆಯುವುದೇ ಹಾಗೆ, ತೆವಳುತ್ತ, ನಿಲ್ಲುತ್ತ. ಹೆದರಿದಾಗ ಮಾತ್ರ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಅದನ್ನು ತೋರಿಸಲು ನಡುವೆ ಎಲ್ಲೋ ಒಮ್ಮೆ ಮಣಿಕಟ್ಟಿನಿಂದ ಎರಡು ಸಣ್ಣ ಜಗ್ಗು ಕೊಡಿ. ಪ್ರತಿ ಎಳೆತಕ್ಕೂ ಜಗ್ಗಿದರೆ ನಿಮ್ಮ ಜಿಗ್ ತಳದಲ್ಲಿ ಇರುವುದಕ್ಕಿಂತ ಗಾಳಿಪಟದಂತೆ ನೀರಿನ ನಡುವೆಯೇ ಹೆಚ್ಚು ಇರುತ್ತದೆ. ಹಗುರದ್ದು ಮೇಲೆದ್ದರೆ ಇಳಿಯಲು ಹೊತ್ತು ಬೇಕೆಂಬುದನ್ನು ಮರೆಯಬಾರದು.

ಒಂದು ಕಲ್ಲು, ಒಂದು ಕೊಂಬೆ ತಗುಲಿತು ಎಂದಾದರೆ ಅದರ ಮೇಲಿಂದ ದಾಟಿಸುವ ಅವಸರ ಬೇಡ. ಜಿಗ್ಗನ್ನು ಅದಕ್ಕೆ ಒರಗಿಸಿಟ್ಟು, ಲೈನ್ ಸಡಿಲವಿರುವಾಗಲೇ ತುದಿಯನ್ನು ನಡುಗಿಸಿ. ಸ್ಕರ್ಟ್ ಅದುರುತ್ತದೆ, ಜಿಗ್ ಜಾಗ ಬಿಡುವುದಿಲ್ಲ. ಹಗುರ ಜಿಗ್ಗಿನ ನಿಜವಾದ ಲಾಭ ಇದು. ಬರೀ ಸಣ್ಣ ಪ್ಲಾಸ್ಟಿಕ್ ತುಂಡು ಚುಚ್ಚುವ ನೆಡ್ ರಿಗ್ ಬಯಲು ತಳದಲ್ಲಿ ಅದ್ಭುತ, ಆದರೆ ಬಹುಪಾಲು ಅದರ ಮೊನೆ ತೆರೆದೇ ಇರುವುದರಿಂದ ಕೊಂಬೆಗಳ ನಡುವೆ ಹೀಗೆ ಕೂರಿಸಲು ಬರುವುದಿಲ್ಲ.

ಮೀನು ಕಚ್ಚಿದ್ದು ತಿಳಿಯುವುದು. ‘ಟಕ್’ ಎಂಬ ಸ್ಪಷ್ಟ ಪೆಟ್ಟಿಗಾಗಿ ಕಾಯುತ್ತಿದ್ದರೆ ಅರ್ಧಕ್ಕರ್ಧ ಮೀನು ತಪ್ಪಿಹೋಗುತ್ತದೆ. ಮೊದಲೇ ಹೇಳಿದೆನಲ್ಲ, ಹಗುರದ್ದು ನೀರಿನ ಜೊತೆ ಸದ್ದಿಲ್ಲದೆ ಬಾಯಿಗೆ ಹೋಗುತ್ತದೆ. ಆಗ ಕೈಗೆ ಬರುವುದು ಪೆಟ್ಟಲ್ಲ, ಬದಲಾವಣೆ. ಇದ್ದ ತೂಕ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಮೀನು ಅದನ್ನು ಎತ್ತಿಕೊಂಡು ನಿಮ್ಮ ಕಡೆಗೇ ಬರುತ್ತಿದೆ. ಅಥವಾ ಒದ್ದೆ ಎಲೆ ಸಿಕ್ಕಿದಂತೆ ಮೆತ್ತನೆಯ ಭಾರ. ಅಥವಾ ಕೈಗೆ ಏನೂ ತಿಳಿಯದೆ ಲೈನ್ ಮಾತ್ರ ಪಕ್ಕಕ್ಕೆ ಸರಿಯುತ್ತಿರುತ್ತದೆ. ಇಳಿಯುವಾಗಲಾದರೆ, ಹಿಂದಿನ ಎಸೆತಕ್ಕೆ ಇಷ್ಟೇ ಆಳದಲ್ಲಿ ತಳ ಸಿಕ್ಕಿತ್ತು, ಈಗ ಅರ್ಧಕ್ಕೇ ಲೈನ್ ಸಡಿಲವಾಯಿತೆಂದರೆ ಅದು ತಳವಲ್ಲ. ಅನುಮಾನ ಬಂದರೆ ಲೈನನ್ನು ಮೆಲ್ಲಗೆ ನೆಟ್ಟಗೆ ಮಾಡಿ ಭಾರ ನೋಡಿ. ಕಲ್ಲು ಕಲ್ಲಾಗಿಯೇ ಇರುತ್ತದೆ, ಮೀನು ಮಿಸುಕುತ್ತದೆ.

ಕಳಚಿಕೊಂಡ ಮೀನುಗಳ ಗುಟ್ಟೂ ಇಲ್ಲೇ ಇದೆ. ಬಿರುಸಾದ ರಾಡಿನಿಂದ ತಲೆಯ ಮೇಲಕ್ಕೆ ಜಗ್ಗಿ ಗಾಳ ಊರಿಸುವುದು ದಪ್ಪ ತಂತಿಯ ಗಾಳಕ್ಕೆ ಸರಿ. ತೆಳ್ಳನೆಯ ತಂತಿಗೆ ಹಾಗೆ ಮಾಡಿದರೆ ಒಂದೋ ಗಾಳ ಅಗಲವಾಗುತ್ತದೆ, ಇಲ್ಲವೇ ಮೀನಿನ ತುಟಿ ಹರಿದು ಕಂಡಿ ದೊಡ್ಡದಾಗುತ್ತದೆ, ಮೀನು ಒಮ್ಮೆ ತಲೆ ಕೊಡವಿದರೆ ಗಾಳ ಜಾರುತ್ತದೆ. ತೆಳು ಗಾಳಕ್ಕೆ ಬಲ ಬೇಕಿಲ್ಲ, ಬಿಗಿತ ಬೇಕು. ಭಾರ ತಿಳಿದ ಕೂಡಲೇ ರೀಲ್ ಸುತ್ತಿ, ರಾಡ್ ಬಾಗುತ್ತಿದ್ದಂತೆ ಪಕ್ಕಕ್ಕೆ ಉದ್ದವಾಗಿ ಒಂದು ಸೆಳೆತ, ಸುತ್ತುವುದನ್ನು ನಿಲ್ಲಿಸದೆ. ಡ್ರ್ಯಾಗನ್ನು (ಎಷ್ಟು ಎಳೆತಕ್ಕೆ ರೀಲ್ ಲೈನ್ ಬಿಟ್ಟುಕೊಡಬೇಕೆಂಬ ಬಿಗಿಯನ್ನು) ಲೀಡರಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡಿ. ಮೀನು ಮೇಲಕ್ಕೆ ಹಾರುವ ಸೂಚನೆ ಕಂಡರೆ ರಾಡಿನ ತುದಿಯನ್ನು ನೀರಿನ ಹತ್ತಿರಕ್ಕೆ ತನ್ನಿ. ಗಾಳಿಯಲ್ಲಿ ತಲೆ ಕೊಡವುವಾಗ ಸಡಿಲ ಲೈನ್ ಸಿಕ್ಕಿತೋ, ಜಿಗ್ಗಿನ ಸೀಸದ ತಲೆಯೇ ಗಾಳವನ್ನು ಕಳಚಿ ಎಸೆಯುತ್ತದೆ.

ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ತಿಳಿನೀರಿಗೆ ಗ್ರೀನ್ ಪಂಪ್‌ಕಿನ್ ಅಥವಾ ಕಂದು, ಮಂದ ಬೆಳಕಿಗೂ ಕದಡಿದ ನೀರಿಗೂ ಕಪ್ಪು-ನೀಲಿ. ಈ ಮೂರು ಸಾಕು. ಆದರೆ ಒಂದು ಮಾತು, ನೀರು ತೀರಾ ಕೆಸರಾಗಿದ್ದರೆ, ಅಥವಾ ಪಾಚಿ ಚಾಪೆ ಹಾಸಿದಂತೆ ದಟ್ಟವಾಗಿದ್ದರೆ ಫಿನೆಸ್ ಜಿಗ್ಗನ್ನು ಪೆಟ್ಟಿಗೆಯಲ್ಲೇ ಬಿಡಿ. ಮೀನಿಗೆ ಅದು ಕಾಣುವುದೂ ಇಲ್ಲ, ಪಾಚಿಯನ್ನು ತೂರಿ ಇಳಿಯುವುದೂ ಇಲ್ಲ. ಅಲ್ಲಿ ನಿಮ್ಮ ಅರ್ಧ ಔನ್ಸಿನದೇ ರಾಜ.

ಸೀಸದ ಬದಲು ಟಂಗ್‌ಸ್ಟನ್ ಕೊಳ್ಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟಂಗ್‌ಸ್ಟನ್ನಿನ ಸಾಂದ್ರತೆ ಸೀಸದ ಸುಮಾರು 1.7 ಪಟ್ಟು, ಹಾಗಾಗಿ ಅದೇ ತೂಕಕ್ಕೆ ತಲೆ ಚಿಕ್ಕದಾಗುತ್ತದೆ. ಗಟ್ಟಿ ಲೋಹವಾದ್ದರಿಂದ ತಳದ ಸುದ್ದಿಯನ್ನೂ ಹೆಚ್ಚು ಸ್ಪಷ್ಟವಾಗಿ ತರುತ್ತದೆ. ತಳ ತಿಳಿಯುವುದಿಲ್ಲ ಎಂಬ ನಿಮ್ಮ ದೂರಿಗೆ ಅದೂ ಒಂದು ಮದ್ದು, ತುಟ್ಟಿ ಮದ್ದು. ಕೆಲವೆಡೆ ಇದು ಆಯ್ಕೆಯ ಮಾತೂ ಅಲ್ಲ. ಲೂನ್ ಹಕ್ಕಿಗಳು ಸೀಸ ನುಂಗಿ ಸಾಯುತ್ತವೆ ಎಂಬ ಕಾರಣಕ್ಕೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್‌ಗಳಿಗೆ ನಿಷೇಧವಿದೆ. ಫಿನೆಸ್ ಜಿಗ್‌ಗಳೆಲ್ಲ ಆ ಮಿತಿಯೊಳಗೇ ಬರುತ್ತವೆ. ಹೊಸ ಜಾಗಕ್ಕೆ ಹೋಗುವ ಮುನ್ನ ಅಲ್ಲಿನ ನಿಯಮ ನೋಡಿಕೊಳ್ಳಿ.

ಕೊನೆಗೆ ಸ್ನ್ಯಾಪ್. ಬೇಡ. ಐದು ಗ್ರಾಮಿನ ಜಿಗ್ಗಿಗೆ ಅದು ಅನವಶ್ಯಕ ತೂಕ, ಕಸ ಕಟ್ಟಿಕೊಳ್ಳಲು ಇನ್ನೊಂದು ಜಾಗ. ಮೇಲಾಗಿ ಸ್ನ್ಯಾಪಿನಲ್ಲಿ ಜಿಗ್ ಅತ್ತಿತ್ತ ವಾಲುವುದರಿಂದ ತಳದಲ್ಲಿ ಮೊನೆ ಮೇಲಾಗಿ ನಿಲ್ಲುವ ಭರವಸೆಯೂ ಹೋಗುತ್ತದೆ. ಪಾಲೋಮಾರ್ ಗಂಟು ಹಾಕಿ ನೇರ ಲೀಡರಿಗೇ ಕಟ್ಟಿ, ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡಿ, ಮತ್ತು ಅದು ಕಣ್ಣಿನ ಬದಿಗೆ ಸರಿದಿದ್ದರೆ ನಡುವಿಗೆ ತಂದುಕೊಳ್ಳಿ.